ರ್‍ಯಾಡಿಕಲ್ ಸ್ತ್ರೀವಾದಿಗಳು ಹುಟ್ಟುಗುಣ ನಂಬುವವರೇ? ಪರ-ವಿರೋಧ

ಪ್ರಶ್ನೆ: ರ್‍ಯಾಡಿಕಲ್ ಸ್ತ್ರೀವಾದ (ಹೆಣ್ಣಿನ ಅಧೀನತೆಗೆ ಗಂಡಸಿನ ಯಜಮಾನಿಕೆಯೇ ಬೇರು, ಅದನ್ನೇ ಕೀಳಬೇಕು ಎನ್ನುವ ಚಿಂತನೆ) ಗಂಡಸರನ್ನು ದ್ವೇಷಿಸುತ್ತದೆ, ಗಂಡು-ಹೆಣ್ಣಿನ ಗುಣ ಹುಟ್ಟಿನಿಂದಲೇ ಬೇರೆ ಎನ್ನುತ್ತದೆ ಎಂಬ ಮಾತು ತಪ್ಪು ಕಲ್ಪನೆಯೇ?

ಪರ: ಹೌದು, ಪೂರ್ತಿ ತಪ್ಪು ಕಲ್ಪನೆ
(ರಾಜ್ಯಶಾಸ್ತ್ರ ಉಪನ್ಯಾಸಕಿ, ವಿರಾಜಪೇಟೆ)

ತಪ್ಪು ಕಲ್ಪನೆ ಎಂದರೆ ಸಾಲದು, ಇದು ಸತ್ಯವನ್ನು ತಲೆಕೆಳಗು ಮಾಡಿದ ಕಲ್ಪನೆ. ಹೆಣ್ಣು ಹುಟ್ಟಿನಿಂದಲೇ ಮೃದು, ಗಂಡು ಹುಟ್ಟಿನಿಂದಲೇ ಒರಟು ಎಂಬ ಹುಟ್ಟುಗುಣವಾದವನ್ನು ಯಾರು ಎಲ್ಲರಿಗಿಂತ ಗಟ್ಟಿಯಾಗಿ ಪ್ರಶ್ನಿಸಿದರೋ ಅವರ ತಲೆಗೇ ಅದನ್ನು ಕಟ್ಟುತ್ತಿದ್ದೇವೆ. ಪದವಿ ತರಗತಿಯಲ್ಲಿ ಈ ಪಾಠ ತೆಗೆದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದೇ ಮಾತು ಬರುತ್ತದೆ: “ಮೇಡಂ, ಲಿಬರಲ್ ಅಂದ್ರೆ ಸಮಾನತೆ ಕೇಳೋರು, ರ್‍ಯಾಡಿಕಲ್ ಅಂದ್ರೆ ಗಂಡಸರನ್ನ ಕಂಡ್ರೆ ಆಗದೋರು, ಅಷ್ಟೇ ಅಲ್ವಾ?” ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ದೊಡ್ಡವರು ಹೇಳಿದ್ದನ್ನೇ ಅವರು ಹೇಳುತ್ತಾರೆ.

ಈ ಚಿಂತನೆ ಹುಟ್ಟಿದ್ದು 1960ರ ದಶಕದ ಕೊನೆಗೆ, ಅಮೆರಿಕದಲ್ಲಿ. ಯುದ್ಧವಿರೋಧಿ ಚಳವಳಿಗಳಲ್ಲಿ ದುಡಿದ ಹೆಣ್ಣುಮಕ್ಕಳಿಗೆ ಅಲ್ಲೂ ಸಿಕ್ಕಿದ್ದು ಟೈಪು ಮಾಡುವ, ಕಾಫಿ ಕೊಡುವ ಕೆಲಸವೇ. 1969ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ರೆಡ್‌ಸ್ಟಾಕಿಂಗ್ಸ್ ಗುಂಪು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತು: ಹೆಣ್ಣು ತಗ್ಗಿ ನಡೆಯುವುದು ಅವಳ ದಡ್ಡತನದಿಂದಲ್ಲ, ಮನೋರೋಗದಿಂದಲೂ ಅಲ್ಲ, ದಿನದಿನವೂ ಅವಳ ಮೇಲೆ ಬೀಳುವ ಒತ್ತಡದಿಂದ. ಮರುವರ್ಷ ಆ ಗುಂಪಿನ ಸ್ಥಾಪಕಿಯರಲ್ಲೊಬ್ಬರಾದ ಶುಲಮಿತ್ ಫೈರ್‌ಸ್ಟೋನ್ ತಮ್ಮ ಪುಸ್ತಕದಲ್ಲಿ ಇನ್ನೂ ಮುಂದೆ ಹೋದರು. ಗಂಡಸಿನ ಸವಲತ್ತು ಹೋದರೆ ಸಾಲದು, ಗಂಡು-ಹೆಣ್ಣು ಎಂಬ ಭೇದಕ್ಕೆ ಸಮಾಜದಲ್ಲಿ ಬೆಲೆಯೇ ಇಲ್ಲದಂತಾಗಬೇಕು ಎಂದರು. ಹುಟ್ಟುಗುಣವನ್ನು ನಂಬುವವರು ಬರೆಯುವ ಮಾತೇ ಇದು?

ಅಮೆರಿಕದ ಸ್ತ್ರೀವಾದಿ ಲೇಖಕಿ ಆಂಡ್ರಿಯಾ ಡ್ವರ್ಕಿನ್ ಹೆಸರು ಎತ್ತಿದರೆ ಸಾಕು, “ಎಲ್ಲ ಲೈಂಗಿಕತೆಯೂ ಅತ್ಯಾಚಾರ ಎಂದವಳು” ಎನ್ನುತ್ತಾರೆ. 1987ರ ಅವರ ಪುಸ್ತಕದಲ್ಲಿ ಆ ವಾಕ್ಯವೇ ಇಲ್ಲ, ನನ್ನ ಅರ್ಥ ಅದಲ್ಲ ಎಂದು ಅವರೇ ಹೇಳಿದ್ದರು. ಹೇಳಬೇಕಾದ ಇನ್ನೊಂದು ಸಂಗತಿ ಇದೆ. 1970ರ ದಶಕದ ಕೊನೆಗೆ ಕೆಲವು ಮಹಿಳೆಯರು ‘ಹೆಣ್ಣು ಜೈವಿಕವಾಗಿಯೇ ಗಂಡಿಗಿಂತ ಮೇಲು’ ಎನ್ನತೊಡಗಿದಾಗ ಅದರ ವಿರುದ್ಧ ಲೇಖನ ಬರೆದವರು ಇದೇ ಡ್ವರ್ಕಿನ್. ದೇಹದಿಂದ ಮೇಲು-ಕೀಳು ಅಳೆಯುವ ವಿಚಾರ ಜಗತ್ತಿನಲ್ಲೇ ಅತಿ ಅಪಾಯದ್ದು ಎಂದರು, ನಾಜಿಗಳನ್ನು ನೆನಪಿಸಿದರು. ಯೆಹೂದಿ ಮನೆತನದ ಹೆಣ್ಣುಮಗಳು ಅದನ್ನು ಸುಮ್ಮನೆ ಆಡಿದ್ದಲ್ಲ. ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕ್ಯಾಥರೀನ್ ಮೆಕಿನನ್ ವಾದವೂ ಇದೇ ಜಾಡಿನದು. ವ್ಯತ್ಯಾಸ ಮೊದಲಿದ್ದು ಅದರಿಂದ ಯಜಮಾನಿಕೆ ಬಂದದ್ದಲ್ಲ, ಯಜಮಾನಿಕೆ ಮೊದಲು ಬಂತು, ಅದನ್ನು ಸಮರ್ಥಿಸಲು ವ್ಯತ್ಯಾಸದ ಮಾತು ಆಮೇಲೆ ಬಂತು ಎನ್ನುತ್ತಾರೆ ಅವರು.

ಇದನ್ನು ನಮ್ಮ ಕೊಡಗಿಗೆ ತಂದು ನೋಡೋಣ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಮಾಡಿ ಕೈಗಿಡುವುದು, ಅಂಗಳದಲ್ಲಿ ಒಂದು ಗುಂಡು ಹಾರಿಸುವುದು ಹಿಂದಿನಿಂದ ಬಂದ ಪದ್ಧತಿ. ನನಗೆ ಆ ಪದ್ಧತಿಯ ಮೇಲೆ ಸಿಟ್ಟಿಲ್ಲ, ನಮ್ಮ ಮನೆಯಲ್ಲೂ ಮಾಡಿದ್ದಾರೆ. ಆದರೆ ಶೌರ್ಯ ಗಂಡಿನ ರಕ್ತದಲ್ಲೇ ಇದ್ದಿದ್ದರೆ ಕಣ್ಣು ಬಿಡದ ಕೂಸಿನ ಕೈಗೆ ಬಿಲ್ಲು ಕೊಡುವ ತುರ್ತು ಏನಿತ್ತು? ರಕ್ತವೇ ಕಲಿಸುತ್ತಿತ್ತಲ್ಲ! ಮಾಡಿ ತೋರಿಸಿ, ಹೇಳಿ, ಹೊಗಳಿ, ಹಂಗಿಸಿ ಗಂಡನ್ನು ಗಂಡು ಮಾಡಬೇಕು ಎಂದು ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ಕೊಡವರಲ್ಲಿ ಮಂಗಲ ಎಂದರೆ ಮದುವೆಯೊಂದೇ ಅಲ್ಲ. ಹುಲಿ ಕೊಂದ ಗಂಡಸನ್ನು ಮದುಮಗನಂತೆ ಕೂರಿಸಿ ನರಿ ಮಂಗಲ ಮಾಡುತ್ತಿದ್ದರು. ಕೊಡವ ತಕ್ಕಿನಲ್ಲಿ ಹುಲಿಗೆ ನರಿ ಎನ್ನುತ್ತಾರೆ. ಹೆಣ್ಣಿಗೆ ಅಂಥದೇ ದೊಡ್ಡ ಗೌರವ ಸಿಗುತ್ತಿದ್ದುದು ಹತ್ತು ಮಕ್ಕಳನ್ನು ಹೆತ್ತಾಗ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಈ ಎರಡೂ ಇವೆ. ಒಬ್ಬನಿಗೆ ಕಾಡು, ಒಬ್ಬಳಿಗೆ ಬಾಣಂತಿಕೋಣೆ. ಹುಲಿಯ ಎದುರು ನಿಂತ ಹೆಣ್ಣು ಇರಲಿಲ್ಲವೆಂದಲ್ಲ, ಅವಳನ್ನು ಕೂರಿಸಲು ಮಂಗಲ ಇರಲಿಲ್ಲ. ಸಮಾಜ ಯಾವುದಕ್ಕೆ ಮಣೆ ಹಾಕುತ್ತದೋ ಅದನ್ನೇ ಆಮೇಲೆ ‘ಸ್ವಭಾವ’ ಎಂದು ಕರೆಯುತ್ತದೆ.

“ಕೊಡಗಿನ ಹೆಣ್ಣಿಗೆ ಸ್ತ್ರೀವಾದ ಯಾಕೆ, ಅವಳು ಕೈಲ್‌ಪೊಳ್ದ್ ಆಯುಧ ಪೂಜೆಯ ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಾಳೆ, ಕುಟುಂಬದ ತಂಡದಲ್ಲಿ ಹಾಕಿ ಆಡುತ್ತಾಳೆ” ಎನ್ನುವವರಿದ್ದಾರೆ. ನಿಜ, ಆಡುತ್ತಾಳೆ, 1997ರಲ್ಲಿ ಕರಡದಲ್ಲಿ ಶುರುವಾದ ಆ ಹಾಕಿ ಹಬ್ಬ ನನಗೂ ಹೆಮ್ಮೆಯದು. ಆದರೆ ಒಕ್ಕದ, ಅಂದರೆ ಮನೆತನದ, ಹೆಸರು ಯಾರ ಮೂಲಕ ಮುಂದಕ್ಕೆ ಹೋಗುತ್ತದೆ? ಒಕ್ಕದ ಯಜಮಾನನಾದ ಪಟ್ಟೇದಾರ ಯಾರು? ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು, ದೇಶಕ್ಕೆಲ್ಲ 2005ರಲ್ಲಿ. ಪಾಲು ಕೇಳಿದ ಹೆಣ್ಣುಮಗಳಿಗೆ ತವರಿನ ಬಾಗಿಲು ಹೇಗೆ ತೆರೆಯುತ್ತದೆ ಎಂದು ಓದುವವರಿಗೆ ನಾನು ವಿವರಿಸಬೇಕಿಲ್ಲ. ಕೋವಿ ಕೈಗೆ ಬಂದರೂ ಖಾತೆ ಕೈಗೆ ಬರಲಿಲ್ಲ.

ಇನ್ನು ತೋಟ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹುಟ್ಟುಗುಣವಾದ ಎಂದರೇನು ಎಂದು ತಿಳಿಯಲು ಯಾವ ಪುಸ್ತಕವೂ ಬೇಡ, ಡಿಸೆಂಬರಿನಲ್ಲಿ ಯಾವುದಾದರೂ ಕಾಫಿ ತೋಟಕ್ಕೆ ಹೋದರೆ ಸಾಕು. ಹಣ್ಣು ಕುಯ್ಯುವುದು ಹೆಂಗಸರ ಕೆಲಸ. ಕೇಳಿದರೆ, “ಅವರ ಬೆರಳು ನಯ, ತಾಳ್ಮೆ ಜಾಸ್ತಿ” ಎನ್ನುತ್ತಾರೆ. ಮರ ಕಪಾತು, ಏಣಿ ಹತ್ತಿ ಕರಿಮೆಣಸು ಕುಯ್ಯುವುದು ಗಂಡಸರದು, ಅದಕ್ಕೆ ಕೂಲಿ ಹೆಚ್ಚು, ಕಾರಣ “ಶಕ್ತಿಯ ಕೆಲಸ”. ಸಂಜೆಯಾದ ಮೇಲೆ ಅದೇ ನಯವಾದ ಬೆರಳಿನವರು ಹಣ್ಣಿನ ಮೂಟೆಯನ್ನು ತಲೆ ಮೇಲೆ ಹೊತ್ತು ಇಳಿಜಾರು ಹತ್ತಿ ತೂಕದ ಜಾಗಕ್ಕೆ ತರುತ್ತಾರೆ. ಆಗ ಶಕ್ತಿಯ ಮಾತು ಯಾರೂ ಎತ್ತುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ತೂಕ ಬರೆದುಕೊಳ್ಳುತ್ತಾನೆ. ಲೈನ್ ಮನೆಗೆ (ಕೂಲಿಯವರ ಸಾಲುಮನೆಗೆ) ಹೋಗಿ ಅವಳು ಒಲೆ ಹಚ್ಚಬೇಕು, ನೀರು ತರಬೇಕು. ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ, ಏಕೆಂದರೆ ಅದು ‘ಹೆಣ್ಣಿನ ಸ್ವಭಾವ’. ಸಮಾನ ಕೂಲಿಯ ಕಾಯ್ದೆ ಬಂದದ್ದು 1976ರಲ್ಲಿ. ಎಷ್ಟೋ ಸಣ್ಣ ತೋಟಗಳಲ್ಲಿ ಇವತ್ತಿಗೂ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ. ದೇಹದ ಬಗ್ಗೆ ಆಡುವ ಒಂದು ಹೊಗಳಿಕೆಯ ಮಾತು ಹೇಗೆ ದಿನಗೂಲಿಯಲ್ಲಿ ಕಡಿತವಾಗುತ್ತದೆ ಎಂದು ತೋರಿಸಿಕೊಟ್ಟವರೇ ರ್‍ಯಾಡಿಕಲ್ ಸ್ತ್ರೀವಾದಿಗಳು. ಮನೆಯೊಳಗಿನ ದುಡಿಮೆ, ಮಂಚ, ಹೊಡೆತ, ಇವೂ ರಾಜಕೀಯ ಎಂದವರು ಅವರು.

ಹೆಣ್ಣಿನ ಸ್ವಭಾವವೇ ಬೇರೆ ಎಂಬಂತೆ ಬರೆದ ಅಮೆರಿಕದ ಲೇಖಕಿ ಮೇರಿ ಡೇಲಿಯಂಥವರ ಹೆಸರು ಎದುರು ಪುಟದಲ್ಲಿ ಬಂದೇ ಬರುತ್ತದೆ. ಅಂಥವರ ಬರಹವನ್ನು ಇತಿಹಾಸಕಾರರು ಸಾಂಸ್ಕೃತಿಕ ಸ್ತ್ರೀವಾದ ಎಂಬ ಬೇರೆ ಕವಲಿಗೆ ಸೇರಿಸಿದ್ದಾರೆ, ಅಷ್ಟಕ್ಕೆ ಆ ಮಾತು ಮುಗಿಯಿತು. ಲಿಂಗ ಬದಲಿಸಿಕೊಂಡವರನ್ನು ವಿರೋಧಿಸುತ್ತಾರೆ ಎಂದು ಈ ಸ್ತ್ರೀವಾದಿಗಳೆಲ್ಲರನ್ನೂ ಒಂದೇ ಗಂಟು ಕಟ್ಟುವುದೂ ತಪ್ಪು. ಲಿಂಗ ಬದಲಿಸಿಕೊಳ್ಳುವವರಿಗೆ ಬದುಕುವ ಹಕ್ಕಿದೆ, ಬೇಕಾದ ಶಸ್ತ್ರಚಿಕಿತ್ಸೆ ಸಿಗಬೇಕು ಎಂದು ಡ್ವರ್ಕಿನ್ 1974ರಲ್ಲೇ ಬರೆದಿದ್ದರು.

ಹುಟ್ಟುಗುಣದ ನಂಬಿಕೆ ನ್ಯಾಯಾಲಯಕ್ಕೂ ಹೋಗುತ್ತದೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿ ಮಥುರಾ ಮೇಲೆ ಅತ್ಯಾಚಾರವಾಯಿತು. ಮೈಮೇಲೆ ಗಾಯವಿಲ್ಲ, ಕೂಗಿಕೊಳ್ಳಲಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಪೊಲೀಸರನ್ನು ಬಿಟ್ಟಿತು. ಮಾನವಂತ ಹೆಣ್ಣು ಸ್ವಭಾವತಃ ಪರಚಿ, ಕೂಗಿ, ಹೋರಾಡಲೇಬೇಕು ಎಂಬ ಊಹೆ ಆ ತೀರ್ಪಿನ ಅಡಿಯಲ್ಲಿತ್ತು. ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಬಹಿರಂಗ ಪತ್ರ ಬರೆದರು, ದೇಶದ ಹೆಣ್ಣುಮಕ್ಕಳು ಬೀದಿಗೆ ಬಂದರು, 1983ರಲ್ಲಿ ಕಾನೂನು ಬದಲಾಯಿತು. ಠಾಣೆಯಲ್ಲಿ ಬೆದರಿ ಮೌನವಾಗಿದ್ದುದನ್ನು ಒಪ್ಪಿಗೆ ಎನ್ನಬಾರದು ಎಂದು ಕೇಳಿದವರನ್ನು ಗಂಡುದ್ವೇಷಿಗಳು ಎಂದು ಕರೆಯುವವರು, ಆ ಹುಡುಗಿಯ ಎದುರು ನಿಂತು ಹಾಗೆ ಹೇಳಬಲ್ಲರೇ ಎಂದು ನಾನು ಕೇಳುತ್ತೇನೆ.

ವಿರೋಧ: ಆ ಮಾತಿಗೆ ಆಧಾರವಿದೆ
(ನಿವೃತ್ತ ಶಿಕ್ಷಕ, ಕಾಫಿ ಬೆಳೆಗಾರ, ಸಿದ್ದಾಪುರ)

ಈ ಬದಿಯಲ್ಲಿ ಬರೆಯಬೇಕೆಂದು ನನ್ನನ್ನು ಕೇಳಿಕೊಂಡರು, ಒಪ್ಪಿದೆ. ಗಂಡುದ್ವೇಷದ ಆರೋಪ ಬಹುಪಾಲು ಅನ್ಯಾಯದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ತಪ್ಪು ತಿಳಿದುಕೊಂಡ ಓದುಗರದೇ ಎಲ್ಲ ದೋಷ ಎಂಬುದನ್ನು ಒಪ್ಪಲಾರೆ.

ಮೇಡಂ ಹೊಗಳಿದ ರೆಡ್‌ಸ್ಟಾಕಿಂಗ್ಸ್ ಪ್ರಣಾಳಿಕೆಯಲ್ಲೇ, ಎಲ್ಲ ಗಂಡಸರೂ ಹೆಂಗಸರನ್ನು ತುಳಿದಿದ್ದಾರೆ ಎಂಬ ಮಾತಿದೆ. ಕೆಲವರು ಎಂದಿಲ್ಲ, ವ್ಯವಸ್ಥೆ ಎಂದೂ ಬಿಟ್ಟಿಲ್ಲ, ಎಲ್ಲ ಗಂಡಸರೂ ಎಂದಿದೆ. ಅದನ್ನು ಓದಿದ ಹುಡುಗ ಬೇರೆ ಏನು ತಿಳಿದುಕೊಳ್ಳಬೇಕು? ಫೈರ್‌ಸ್ಟೋನ್ ಅವರು ಹೆಣ್ಣಿನ ಅಧೀನತೆಯ ಬೇರು ಬಸಿರು-ಬಾಣಂತನದಲ್ಲಿದೆ ಎಂದರು. ಹಾಗೆಂದ ಮೇಲೆ ದೇಹವನ್ನೇ ಕಾರಣ ಮಾಡಿದಂತಾಯಿತು. ಅವರು ಸೂಚಿಸಿದ ಪರಿಹಾರವೂ ದೇಹದಾಚೆ ಕೃತಕ ಗರ್ಭದಲ್ಲಿ ಮಗು ಬೆಳೆಸುವುದು. ತಾಯ್ತನವನ್ನೇ ಯಂತ್ರಕ್ಕೆ ಕೊಟ್ಟು ಸಮಾನತೆ ತರುವ ಈ ದಾರಿ ಕೊಡಗಿನ ಯಾವ ಮನೆಯ ಹೆಣ್ಣುಮಗಳಿಗೆ ಬೇಕು?

ಮೇರಿ ಡೇಲಿ 1978ರಲ್ಲಿ ಬರೆದ ಪುಸ್ತಕವನ್ನು ಬೇರೆ ಕವಲು ಎಂದು ಪಕ್ಕಕ್ಕಿಟ್ಟರೆ ಹೇಗೆ? ಅವರು ತಮ್ಮನ್ನು ರ್‍ಯಾಡಿಕಲ್ ಎಂದೇ ಕರೆದುಕೊಂಡರು. ಕಪ್ಪು ಹೆಣ್ಣುಮಕ್ಕಳ ಬದುಕನ್ನು ಆ ಪುಸ್ತಕ ಕಾಣಲಿಲ್ಲ ಎಂದು ಕವಯಿತ್ರಿ ಆಡ್ರಿ ಲಾರ್ಡ್ 1979ರಲ್ಲಿ ಡೇಲಿಗೆ ಪತ್ರ ಬರೆದರು. ‘ಹೆಣ್ಣು’ ಎಂದು ಒಂದೇ ಗುಂಪು ಮಾಡಿದರೆ ಹೀಗಾಗುತ್ತದೆ. ಅದೇ ವರ್ಷ ಜಾನಿಸ್ ರೇಮಂಡ್ ಲಿಂಗ ಬದಲಿಸಿಕೊಂಡವರ ವಿರುದ್ಧ ಇಡೀ ಪುಸ್ತಕವನ್ನೇ ಬರೆದರು. ಅಮೆರಿಕದ ಮಿಶಿಗನ್‌ನಲ್ಲಿ 1976ರಿಂದ 2015ರವರೆಗೆ ನಡೆದ ಮಹಿಳಾ ಸಂಗೀತೋತ್ಸವ ಹೆಣ್ಣಾಗಿ ಹುಟ್ಟಿದವರಿಗೆ ಮಾತ್ರ ಎಂದು ಹೇಳುತ್ತಿತ್ತು. ಹುಟ್ಟನ್ನೇ ಬಾಗಿಲಲ್ಲಿ ನಿಲ್ಲಿಸಿ ಕೇಳಿದವರ ಬಗ್ಗೆ ಜನ ಹುಟ್ಟುಗುಣವಾದಿಗಳು ಎಂದರೆ ಅದು ಪೂರ್ತಿ ತಪ್ಪು ಕಲ್ಪನೆಯಲ್ಲ.

ಪುಸ್ತಕದ ಮಾತು ಇಷ್ಟು ಸಾಕು. ನನಗೆ ಹೇಳಬೇಕಾದದ್ದು ಅವ್ವನ ವಿಷಯ.

ಅಪ್ಪ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ರೋಬಸ್ಟಾ ತೋಟ, ಹೂ ಅರಳಲು ಫೆಬ್ರವರಿ-ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕಲೇಬೇಕು. ಕೆರೆಯ ಹತ್ತಿರ ಡೀಸೆಲ್ ಪಂಪು, ರಾತ್ರಿಯಿಡೀ ಓಡಬೇಕು, ನಡುವೆ ಎದ್ದು ಜೆಟ್ ಬದಲಿಸಬೇಕು. ಆ ಕೆರೆಗೆ ಆನೆಯೂ ಬರುತ್ತದೆ. ಅವ್ವ ಟಾರ್ಚು, ಕೋವಿ ಹಿಡಿದು ಹೋಗುತ್ತಿದ್ದಳು. ಒಂದು ರಾತ್ರಿ ಪಂಪು ನಿಂತ ಸದ್ದಿಗೆ ಎಚ್ಚರವಾಗಿ ಹೊರಗೆ ಬಂದರೆ ಕೆರೆಯ ಕಡೆಯಿಂದ ಆನೆ ಘೀಳಿಟ್ಟದ್ದು ಕೇಳಿತು. ಅವ್ವ ಬಂದದ್ದು ತುಂಬ ಹೊತ್ತಿನ ಮೇಲೆ, ಮೊಣಕಾಲವರೆಗೆ ಕೆಸರು. ಮುಖ ತೊಳೆದು, ಆನೆ ಹೋದ ಮೇಲೆ ಪಂಪು ಮತ್ತೆ ಓಡಿಸಿಯೇ ಬಂದೆ ಎಂದಳು, ಮಲಗಿದಳು.

ಊರಿನವರು “ಗಂಡಸಿನ ಹಾಗೆ ತೋಟ ನಡೆಸ್ತಾಳೆ” ಎಂದು ಹೊಗಳುತ್ತಿದ್ದರು. ಅವಳಿಗೆ ಆ ಮಾತು ಹಿಡಿಸುತ್ತಿರಲಿಲ್ಲ. “ತೋಟ ಗಂಡಸರ ಕೆಲಸವೇ. ನಿಮ್ಮಪ್ಪ ಇಲ್ಲ, ಅದಕ್ಕೆ ಮಾಡ್ತೀನಿ. ನಾನು ತಾಯಿ, ತಾಯಿ ಹಾಗೇ ಮಾಡ್ತೀನಿ” ಎನ್ನುತ್ತಿದ್ದಳು. ಲೈನ್ ಮನೆಯ ಮಗುವಿಗೆ ಜ್ವರ ಬಂದರೆ ಅವಳೇ ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಿದ್ದಳು, ಅಪ್ಪ ಬದುಕಿದ್ದಾಗ ದುಡ್ಡು ಕೊಟ್ಟು ಕಳಿಸುತ್ತಿದ್ದರು. ಹೆಣ್ಣಿನ ಕರುಳು ಬೇರೆ ಎಂದು ಅವಳು ಜೀವನವಿಡೀ ನಂಬಿದ್ದಳು, ಆ ನಂಬಿಕೆಯಿಂದಲೇ ಅವಳಿಗೆ ಬಲ ಬಂತು. ಯಜಮಾನಿಕೆ ಕಲಿಸಿದ ಪಾಠ ಅದು ಎಂದು ಯಾರಾದರೂ ಹೇಳಿದರೆ, ಆನೆಯ ಎದುರು ನಿಂತವಳಿಗೆ ತನ್ನ ಮನಸ್ಸೇ ಗೊತ್ತಿರಲಿಲ್ಲ ಎಂದಂತಾಗುತ್ತದೆ. ಈ ಸಿದ್ಧಾಂತದ ಬಗ್ಗೆ ನನ್ನ ದೊಡ್ಡ ತಕರಾರು ಅದೇ. ಅದರಲ್ಲಿ ನನ್ನ ಅವ್ವನಂಥವಳು ನಿಲ್ಲಲು ಜಾಗ ಕಾಣುವುದಿಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಬರೆಯಬೇಕು. ಪಂಪಿನ ಹತ್ತಿರ ನಾನೂ ಬರುತ್ತೇನೆ ಎಂದು ಅಕ್ಕ ಹಟ ಹಿಡಿದಾಗ ಅವ್ವ ಬಿಡಲಿಲ್ಲ, ಅವಳಿಗಿಂತ ಚಿಕ್ಕವನಾದ ನನ್ನನ್ನು ಕರೆದುಕೊಂಡು ಹೋದಳು. ತೋಟದ ಲೆಕ್ಕ ಕಲಿಸಿದ್ದೂ ನನಗೇ. ಅಕ್ಕ ಅದನ್ನು ಇವತ್ತಿಗೂ ಮರೆತಿಲ್ಲ, ಮರೆಯಬೇಕು ಎಂದು ನಾನು ಹೇಳುವುದೂ ಇಲ್ಲ. ಆ ವಿಷಯದಲ್ಲಿ ಎದುರು ಪುಟದ ಮೇಡಂ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಪಾಲಿನ ಪ್ರಶ್ನೆಯಲ್ಲಿ ನಾನು ಅವರ ಪರವೇ. ಹುಟ್ಟುಗುಣದ ಪ್ರಶ್ನೆಯಲ್ಲಿ ಮಾತ್ರ ಅವ್ವ ಹೇಳಿದ್ದನ್ನು ತಪ್ಪು ಎನ್ನಲು ನನ್ನಿಂದ ಆಗುವುದಿಲ್ಲ.