ಹೊಸ ಡೆಂಟಲ್ ಕಾಲೇಜಿಗೆ ಸೇರಬಹುದಾ?

ಪರ: ಧೈರ್ಯವಾಗಿ ಸೇರಿ

ಜಗತ್ತಿನ ಮೊದಲ ಡೆಂಟಲ್ ಕಾಲೇಜು ಶುರುವಾದದ್ದು 1840ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಮೊದಲ ಸಲ ಸೇರಿದವರು ಐದೇ ಜನ. ಮರುವರ್ಷ ಪದವಿ ಪಡೆದವರು ಇಬ್ಬರು. ಹಳೇ ಕಾಲೇಜೇ ಬೇಕು ಅಂತ ಅವರು ಕಾಯುತ್ತಾ ಕೂರುವ ಹಾಗೂ ಇರಲಿಲ್ಲ, ಯಾಕೆಂದರೆ ಹಳೇದು ಅಂತ ಒಂದು ಇರಲೇ ಇಲ್ಲ!

ತಮಾಷೆ ಇರಲಿ. ಹೊಸ ಕಾಲೇಜಿನ ನಿಜವಾದ ಲಾಭ ಕಟ್ಟಡದ್ದಲ್ಲ, ಹೊಳೆಯುವ ಚೇರ್‌ಗಳದ್ದೂ ಅಲ್ಲ. ಅಲ್ಲಿ ನಿಮ್ಮ ಕೈಯಿಂದ ಕೇಸ್ ಕಿತ್ತುಕೊಳ್ಳುವವರು ಕಡಿಮೆ. ಹೆಸರಾದ ಕಾಲೇಜಿನಲ್ಲಿ ಕಷ್ಟದ ಕೇಸ್ ಬಂದರೆ ಅದು ನೇರ ಪಿಜಿಗಳ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳ ಹತ್ತಿರ ಹೋಗುತ್ತದೆ. ಬೇರು ಸೊಟ್ಟಗಿರುವ ದವಡೆ ಹಲ್ಲಿನ ರೂಟ್ ಕೆನಾಲ್ ಅವರಿಗೆ. ಮೂಳೆಯೊಳಗೆ ಅಡ್ಡ ಮಲಗಿರುವ ಬುದ್ಧಿಹಲ್ಲೂ ಅವರಿಗೇ. ಉಳಿದವರು ಹಿಂದೆ ನಿಂತು ಇಣುಕಬೇಕು, ಇಲ್ಲವೇ ಲೈಟ್ ಹಿಡಿಯಬೇಕು. ಪಿಜಿ ಕೋರ್ಸ್ ಇನ್ನೂ ಶುರುವಾಗದ ಕಾಲೇಜಿನಲ್ಲಿ ಅದೇ ಕೇಸ್ ನಿಮ್ಮ ಚೇರ್‌ಗೆ ಬರಬಹುದು. ಮೇಷ್ಟ್ರು ಪಕ್ಕದಲ್ಲಿ ನಿಂತು, "ನೀನೇ ಮಾಡು, ನಾನಿದ್ದೀನಿ" ಅನ್ನಬಹುದು. ಆ ಒಂದು ಮಾತಿನ ಮೇಲೆ ಎಷ್ಟೋ ಜನರ ಕೈ ಪಳಗಿದೆ.

ಉಪಕರಣದ ಮಾತೂ ಇದೆ. ಚೇರ್ ಪಕ್ಕದಲ್ಲೇ ಹಲ್ಲನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ಅದಕ್ಕೆ ಹೊಂದುವ ಫಿಲ್ಲಿಂಗ್ ರೂಪಿಸಿ ಕೂರಿಸುವ ಕೆಲಸ 1985ರಲ್ಲೇ ಜ್ಯೂರಿಕ್‌ನಲ್ಲಿ ಶುರುವಾಯಿತು. ಆದರೂ ಹಳೇ ಕಾಲೇಜಿನಲ್ಲಿ ಸ್ಕ್ಯಾನರ್ ಗಾಜಿನ ಹಿಂದೆ ಕೂತಿರುವುದುಂಟು. ಹೊಸಬರಿಗೆ ಬದಲಾಯಿಸಬೇಕಾದ ಹಳೇ ರೂಢಿಯೇ ಇಲ್ಲ.

ವಿರೋಧ: ಸ್ವಲ್ಪ ತಡೆಯಿರಿ

ಕೇಸ್ ನಿಮ್ಮ ಚೇರ್‌ಗೆ ಬರುತ್ತದೆ ಅಂದಿರಿ, ಸರಿ. ಮೊದಲು ಅದು ಗೇಟಿನೊಳಗೆ ಬರಬೇಕಲ್ವಾ?

ಇಡೀ ಚರ್ಚೆ ನಿಂತಿರುವುದು ಇಲ್ಲೇ. ಈ ಓದಿನಲ್ಲಿ ನೋಡಿ ಕಲಿತರೆ ಸಾಲದು. ಇಷ್ಟು ಫಿಲ್ಲಿಂಗ್, ಇಷ್ಟು ಹಲ್ಲು ಕೀಳುವುದು, ಇಷ್ಟು ಹಲ್ಲಿನ ಸೆಟ್ ಅಂತ ಕೋಟಾ ಇರುತ್ತದೆ. ಅದನ್ನು ಸ್ವಂತ ಕೈಯಿಂದ ಮುಗಿಸಬೇಕು. ಪೂರ್ತಿ ಸೆಟ್ ಒಂದನ್ನೇ ತೆಗೆದುಕೊಳ್ಳಿ. ಬಾಯಲ್ಲಿ ಒಂದೂ ಹಲ್ಲಿಲ್ಲದ ಒಬ್ಬರು ಸಿಗಬೇಕು. ಮೊದಲ ಅಚ್ಚಿಗೆ ಒಮ್ಮೆ, ಎರಡನೇ ಅಚ್ಚಿಗೆ ಒಮ್ಮೆ, ದವಡೆಯ ಅಳತೆಗೆ, ಮೇಣದ ಮೇಲೆ ಜೋಡಿಸಿದ ಹಲ್ಲು ಹಾಕಿ ನೋಡುವುದಕ್ಕೆ, ಕೊನೆಗೆ ಸೆಟ್ ಕೂರಿಸುವುದಕ್ಕೆ ಅಂತ ಐದು ಸಲವಾದರೂ ಅವರು ಬರಬೇಕು. ನಾಲ್ಕನೇ ಸಲಕ್ಕೆ ಅವರು ನಾಪತ್ತೆಯಾದರೆ ನಿಮ್ಮ ಕೆಲಸ ಮತ್ತೆ ಮೊದಲಿನಿಂದ. ಜನ ತುಂಬಿರುವ ಕಾಲೇಜಿನಲ್ಲಿ ಇನ್ನೊಬ್ಬರು ಸಿಗುತ್ತಾರೆ. ಖಾಲಿ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಸಂಬಂಧಿಕರನ್ನೂ ಪಕ್ಕದ ಮನೆಯವರನ್ನೂ ಪುಸಲಾಯಿಸಿ ಕರೆತರಬೇಕಾಗುತ್ತದೆ.

ಫ್ಯಾಂಟಮ್ ಹೆಡ್ ಲ್ಯಾಬ್, ಅಂದರೆ ಗೊಂಬೆ ತಲೆಯ ಪ್ಲಾಸ್ಟಿಕ್ ಹಲ್ಲಿನ ಮೇಲೆ ಅಭ್ಯಾಸ ಮಾಡುವ ಲ್ಯಾಬ್, ಚೆನ್ನಾಗಿದೆ ಅಂತ ತೋರಿಸುತ್ತಾರೆ. ಇರಲಿ, ಬೇಕು ಅದು. ಆದರೆ ಸಾಮಾನ್ಯ ಪ್ಲಾಸ್ಟಿಕ್ ಹಲ್ಲನ್ನು ಎಲ್ಲಿ ಕೊರೆದರೂ ಒಂದೇ ಥರ. ನಿಜವಾದ ಹಲ್ಲಿನಲ್ಲಿ ಎನಾಮೆಲ್ ಗಟ್ಟಿ, ಒಳಗಿನ ಡೆಂಟಿನ್ ಅದಕ್ಕಿಂತ ಮೆತ್ತಗೆ, ಹುಳುಕಾದ ಭಾಗ ಒದ್ದೆ ತೊಗಲಿನ ಹಾಗೆ. ಎಲ್ಲಿ ನಿಲ್ಲಿಸಬೇಕು ಅಂತ ಬೆರಳಿಗೆ ಗೊತ್ತಾಗುವುದು ಆ ವ್ಯತ್ಯಾಸದಿಂದ. ಮೇಲಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಬೇರು ಮೂರು, ಕೆನಾಲ್ (ಬೇರಿನೊಳಗಿನ ಸಣ್ಣ ನಾಳ) ಮಾತ್ರ ಎಷ್ಟೋ ಸಲ ನಾಲ್ಕು. ಆ ನಾಲ್ಕನೆಯದನ್ನು ಹುಡುಕುವ ಕಣ್ಣು ಒಂದೆರಡು ಹಲ್ಲಿನಲ್ಲಿ ಬರುವುದಿಲ್ಲ. ಜೊಲ್ಲು, ಅಡ್ಡ ಬರುವ ನಾಲಿಗೆ, ಹೆದರಿ ಕೈ ಹಿಡಿದುಕೊಳ್ಳುವ ಮಗು, ಇವು ಯಾವುವೂ ಫ್ಯಾಂಟಮ್ ಹೆಡ್‌ಗಿಲ್ಲ.

ಮಾನ್ಯತೆಯ ಚಿಂತೆ ಬೇರೆ. ಎಷ್ಟೋ ಕಡೆ ಹೊಸ ಕಾಲೇಜಿಗೆ ಮೊದಲು ಸಿಗುವುದು ಶುರು ಮಾಡಲು ಅನುಮತಿ ಮಾತ್ರ. ಪೂರ್ತಿ ಮಾನ್ಯತೆಯ ತೀರ್ಮಾನ ಆಗುವುದು ಮೊದಲ ಬ್ಯಾಚ್ ಓದು ಮುಗಿಸುವ ಹೊತ್ತಿಗೆ. ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ಕೂರುವವರು ವಿದ್ಯಾರ್ಥಿಗಳೇ. ದಾರಿ ಹೇಳಲು ಸೀನಿಯರ್‌ಗಳೂ ಇರುವುದಿಲ್ಲ.

ಹಳೇ ಕಾಲೇಜಿಗೆ ಹೆಸರಿದೆ ಅಂತ ಕಣ್ಣು ಮುಚ್ಚಿ ನಂಬಿ ಅಂತಲೂ ನಾನು ಹೇಳುತ್ತಿಲ್ಲ. ಪಿಜಿಗಳ ವಿಷಯದಲ್ಲಿ ಮೇಲೆ ಬರೆದದ್ದು ನಿಜವೇ. ಎರಡೂ ಕಡೆ ಒಂದು ಕೆಲಸ ಮಾಡಿ. ಕೆಲಸದ ದಿನ ಬೆಳಗ್ಗೆ ಹೋಗಿ, ಹೊರರೋಗಿ ವಿಭಾಗದ ಬೆಂಚಿನ ಮೇಲೆ ಒಂದು ಗಂಟೆ ಸುಮ್ನೆ ಕೂತು ಎಣಿಸಿ. ಬರುವ ರೋಗಿಗಳೆಷ್ಟು, ಬಿಳಿ ಕೋಟುಗಳೆಷ್ಟು? ಕೋಟುಗಳೇ ಜಾಸ್ತಿ ಕಂಡರೆ ಎದ್ದು ಬನ್ನಿ.