ಪಟ್ಟಿಯಲ್ಲಿ ಒಂದು ಬೀರು

ಸೋಮವಾರದ ಪಟ್ಟಿಯಲ್ಲಿ ನಾಲ್ಕನೆಯ ಸಾಲು: ‘ಬೀರು’. ಅಷ್ಟೇ. ಬರೆಯುವಾಗ ಅರ್ಥದಲ್ಲಿ ಯಾವ ಅನುಮಾನವೂ ಇರಲಿಲ್ಲ. ಗುರುವಾರ ಅದೇ ಪದ ಮತ್ತೆ ಕಣ್ಣಿಗೆ ಬಿದ್ದಾಗ ತಲೆ ಕೆರೆದುಕೊಳ್ಳುವ ಪಾಳಿ. ಬೀರು ಕೊಳ್ಳುವುದೋ, ಒರೆಸುವುದೋ, ಬೀಗ ರಿಪೇರಿ ಮಾಡಿಸುವುದೋ, ಒಳಗಿರುವ ಕಾಗದಪತ್ರ ವಿಂಗಡಿಸುವುದೋ? ಅಥವಾ, ಕನ್ನಡದಲ್ಲಿ ಅದೊಂದು ಕ್ರಿಯಾಪದವೂ ಹೌದಾದ್ದರಿಂದ, ಸುಮ್ಮನೆ ಒಂದು ಮುಗುಳ್ನಗೆ ಬೀರಿ ಮುಂದಿನ ಸಾಲಿಗೆ ಹೋಗುವುದೋ? ಬಹಳಷ್ಟು ಜನ ಕೊನೆಯದನ್ನೇ ಮಾಡುತ್ತಾರೆ.

ಮಾಡಬೇಕಾದ ಕೆಲಸಗಳ ಪಟ್ಟಿ ಕೈಕೊಡುವುದಕ್ಕೆ ಮೂರು ಕಾರಣಗಳಿವೆ. ಒಂದನೆಯದು ಕ್ರಿಯಾಪದ, ಎರಡನೆಯದು ಹೊತ್ತು. ಮೂರನೆಯದೇ ಮುಖ್ಯವಾದದ್ದು, ಅದನ್ನು ಕೊನೆಗೆ ಹೇಳುವುದೆಂದು ಈ ಬರಹಕ್ಕೂ ಒಂದು ಪಟ್ಟಿ ಮಾಡಿಟ್ಟಿದೆ.

ಸಾಲು ಕ್ರಿಯಾಪದದಿಂದಲೇ ಶುರುವಾಗಲಿ ಎಂದು ಪಟ್ಟಿ ಮಾಡುವ ಬಗೆಗಿನ ಇಂಗ್ಲಿಷ್ ಪಾಠಗಳು ಉಪದೇಶಿಸುತ್ತವೆ. ಹೇಳುವುದು ಅವರಿಗೆ ಸುಲಭ. ನಮ್ಮಲ್ಲಿ ಕ್ರಿಯಾಪದ ಇರುವುದು ವಾಕ್ಯದ ಬಾಲದಲ್ಲಿ, ಬರೆಯುವವರ ಸೋಮಾರಿತನ ಎಚ್ಚರವಾಗುವುದೂ ಅಲ್ಲೇ. ‘ವಿಮೆ’, ‘ಫೋಟೊ’, ‘ಅಣ್ಣನಿಗೆ’ ಎಂದು ಬರೆದು ಪೆನ್ನು ಮುಚ್ಚಿಬಿಡುತ್ತೇವೆ, ಉದುರಿಹೋದದ್ದು ಕೆಲಸವೇ. ಕ್ರಿಯಾಪದ ಬರೆದವರಾದರೂ ಗೆದ್ದರೆಂದಲ್ಲ. ‘ವಿಮೆ ವಿಚಾರ ನೋಡುವುದು’ ಎಂದಿರುತ್ತದೆ. ಈ ‘ನೋಡುವುದು’ ಇದೆಯಲ್ಲ, ಇಡೀ ಭಾಷೆಯಲ್ಲಿ ಇಷ್ಟು ಮೈಗಳ್ಳ ಪದ ಇನ್ನೊಂದಿಲ್ಲ. ಪಟ್ಟಿಯನ್ನು ನೋಡಿದ್ದೇ ಕೆಲಸ ಮಾಡಿದಂತೆ ಎಂದು ಮನಸ್ಸಿಗೆ ನಂಬಿಸಿ ಕೂರಿಸುತ್ತದೆ. ‘ವಿಚಾರಿಸುವುದು’, ‘ಯೋಚಿಸುವುದು’, ‘ಫೈನಲ್ ಮಾಡುವುದು’ ಅದರ ಖಾಸಾ ತಮ್ಮಂದಿರು. ಕೈ, ಕಾಲು, ಬಾಯಿ, ಇವುಗಳಲ್ಲಿ ಒಂದಾದರೂ ಅಲ್ಲಾಡುವ ಪದ ಬೇಕು: ಫೋನ್ ಮಾಡು, ಮುದ್ರಿಸು, ಕಟ್ಟು, ಹರಿದುಹಾಕು.

ಬೀರುವಿನ ಮಾತಿಗೆ ಬಂದರೆ, ಅದು ಒಂದು ಸಾಲಿನ ಕೆಲಸವೇ ಅಲ್ಲ. ಇಡೀ ಬೀರು ಖಾಲಿ ಮಾಡಿ ಮಂಚದ ಮೇಲೆ ಸುರಿದವರ ಗತಿ ಗೊತ್ತಲ್ಲ: ಮಲಗುವ ಹೊತ್ತಿಗೆ ಮಂಚ ಬೇಕಾಗುತ್ತದೆ, ಸುರಿದದ್ದೆಲ್ಲ ಮೊದಲಿಗಿಂತ ಕೆಟ್ಟದಾಗಿ ಒಳಗೆ ತುರುಕಲ್ಪಡುತ್ತದೆ. ‘ಮೇಲಿನ ಖಾನೆಯ ಕಾಗದಗಳನ್ನು ಮೂರು ಗುಡ್ಡೆ ಮಾಡು, 30 ನಿಮಿಷ’ ಎಂದು ಬರೆದರೆ ಅದು ಸಾಲು. ಇಟ್ಟುಕೊಳ್ಳುವುದು, ಕೊಡುವುದು, ಎಸೆಯುವುದು. ‘ಆಮೇಲೆ ನೋಡೋಣ’ ಎಂಬ ನಾಲ್ಕನೆಯ ಗುಡ್ಡೆ ಹುಟ್ಟಿತೋ, ಉಳಿದ ಮೂರನ್ನೂ ಅದು ನುಂಗುತ್ತದೆ. ಪಕ್ಕದಲ್ಲೇ ‘ಶನಿವಾರ, ಸ್ನಾನವಾದ ಕೂಡಲೇ’ ಎಂದೂ ಬರೆಯಬೇಕು. ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಕೊರೆಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. ನಡುವೆ ನಿಲ್ಲಿಸಿದ ಕೆಲಸಗಳೇ ಜನರಿಗೆ ಹೆಚ್ಚು ನೆನಪಿದ್ದವಂತೆ. ಅದೇ ಪ್ರಯೋಗವನ್ನು ಮತ್ತೆ ಮಾಡಿದವರಿಗೆಲ್ಲ ಅದೇ ಫಲ ಸಿಕ್ಕಿಲ್ಲ, ಅದು ಬೇರೆ. ಆದರೆ 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ್ದು ನಮ್ಮ ಕೆಲಸಕ್ಕೆ ಬರುತ್ತದೆ: ಕೆಲಸ ಮುಗಿಯದಿದ್ದರೂ, ಅದನ್ನು ಹೇಗೆ ಮಾಡುವುದೆಂಬ ಖಚಿತ ಯೋಜನೆ ಇದ್ದರೆ ಕೊರೆತ ತಗ್ಗುತ್ತದೆ. ‘ಬೀರು’ ಎಂಬ ಒಂಟಿ ಪದಕ್ಕೆ ಆ ಶಕ್ತಿಯಿಲ್ಲ.

ಸರಿ, ಮೇಲಿನ ಖಾನೆ ಮುಗಿಯಿತು. ಈಗ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಬೇಕು. ಹೇಗೆ?

ಈ ವಿಷಯಕ್ಕೆ ಸಲ್ಲಬೇಕಾದ ಮರ್ಯಾದೆ ಸಂದಿಲ್ಲ. ಸಾಲಿನ ಮುಂದೆ ಸಣ್ಣದೊಂದು ರೈಟ್ ಹಾಕುವವರಿದ್ದಾರೆ. ಲೆಕ್ಕ ತಪಾಸಣೆಯವರ ಹಾಗೆ, ಶಿಸ್ತಿನವರು. ತೊಂದರೆ ಏನೆಂದರೆ ರೈಟ್ ಬಿದ್ದ ಸಾಲೂ ಬೀಳದ ಸಾಲೂ ಒಂದೇ ಕಪ್ಪಿನಲ್ಲಿ ಕಾಣುತ್ತವೆ, ಬಾಕಿ ಯಾವುದು ಎಂದು ಪ್ರತಿ ಸಲವೂ ಮೇಲಿನಿಂದ ಓದಬೇಕು. ಇನ್ನು ಕೆಲವರು ಕೆಲಸದ ಮೇಲಿನ ಸೇಡನ್ನು ಸಾಲಿನ ಮೇಲೆ ತೀರಿಸಿಕೊಳ್ಳುತ್ತಾರೆ. ಹಿಂದಕ್ಕೂ ಮುಂದಕ್ಕೂ ಗೀಚಿ, ಮಸಿ ಕಾಗದದ ಆಚೆ ಬದಿಗೆ ಇಳಿದು, ನಾಳೆಯ ಹಾಳೆಯ ಮೇಲೂ ಗಾಯದ ಗುರುತು ಮೂಡುತ್ತದೆ. ಹದಿನೈದು ದಿನ ಬಿಟ್ಟು ‘ಆ ಅರ್ಜಿ ಕಳಿಸಿದ್ದು ಯಾವತ್ತು?’ ಎಂದು ಯಾರಾದರೂ ಕೇಳಿದರೆ ಆ ಕರಿ ಮುದ್ದೆಯನ್ನು ಬೆಳಕಿಗೆ ಹಿಡಿದು ಓದಬೇಕು. ಹೊಡೆಯುವ ಗೆರೆ ಒಂದೇ ಇರಲಿ, ಅಕ್ಷರಗಳ ನಡು ಹಾಯ್ದು ಹೋಗಲಿ, ಒತ್ತು ಗುಣಿತ ಕೆಳಗೂ ಮೇಲೂ ಇಣುಕುತ್ತಿರಲಿ. ಪಕ್ಕದಲ್ಲಿ ತಾರೀಖು. ಸಾಲು ಸತ್ತಿರಬೇಕು, ಗುರುತು ಸಿಗುವಂತಿರಬೇಕು.

ಅರ್ಧ ಆದ ಕೆಲಸಕ್ಕೆ ಅರ್ಧ ಗೆರೆ ಎಳೆಯುವ ಮೋಸಗಾರರೂ ಉಂಟು. ಅದಕ್ಕೊಂದು ಒಳ್ಳೆಯ ಉಪಾಯವಿದೆ: ಶುರು ಮಾಡಿದಾಗ ಅಂಚಿನಲ್ಲಿ ಒಂದು ಓರೆ ಗೀಟು, ಮುಗಿದಾಗ ಅದರ ಮೇಲೆ ಎದುರು ಗೀಟು, ಒಟ್ಟಿಗೆ ಕತ್ತರಿ ಗುರುತು. ನಾಳೆಗೆ ಹೋಗುವುದಕ್ಕೆ ಬಾಣ. ಒಂದೇ ಸಾಲಿಗೆ ಮೂರು ಬಾಣ ಬಿದ್ದರೆ ಅಲ್ಲಿಗೆ ನಿಲ್ಲಿಸಿ, ಕೆಲಸವನ್ನು ಒಡೆಯಬೇಕು, ಇಲ್ಲವೇ ತಾರೀಖು ಕೊಡಬೇಕು, ಇಲ್ಲವೇ ಮರ್ಯಾದೆಯಿಂದ ಹೊಡೆದುಹಾಕಬೇಕು. ಪಟ್ಟಿಯಲ್ಲಿಲ್ಲದ ಕೆಲಸ ಮಾಡಿ, ಆಮೇಲೆ ಅದನ್ನು ಬರೆದು, ಬರೆದ ಮಸಿ ಆರುವ ಮೊದಲೇ ಹೊಡೆಯುವುದು? ನಗುವವರು ನಗಲಿ, ಅದು ತಪ್ಪಲ್ಲ. ದಿನ ಎಲ್ಲಿ ಸೋರಿತು ಎಂಬ ಲೆಕ್ಕ ಸಿಗುವುದು ಆ ಸಾಲುಗಳಿಂದಲೇ. ಸಹಿಸಲಾಗದ್ದು ಆ್ಯಪ್‌ಗಳ ದರ್ಬಾರು. ಮುಟ್ಟಿದ ಕೂಡಲೇ ‘ಟಿಂಗ್’ ಎಂದು ಬಣ್ಣದ ಚೂರುಗಳನ್ನು ಹಾರಿಸಿ ಸಾಲನ್ನೇ ಮಾಯ ಮಾಡುತ್ತವೆ ಕೆಲವು. ಇಡೀ ದಿನ ದುಡಿದ ಮನುಷ್ಯನಿಗೆ ಸಂಜೆ ಕಾಣುವುದು ಮಾಡದೆ ಉಳಿದದ್ದು ಮಾತ್ರ, ಅದೂ ಸಾಲ ವಸೂಲಿಯವರ ದನಿಯಲ್ಲಿ, ಕೆಂಪು ಚುಕ್ಕಿಯೊಳಗೆ 17. ಮುಗಿದದ್ದನ್ನು ಬಚ್ಚಿಡಬೇಡ ಎಂದು ಹೇಳುವ ಗುಂಡಿ ಹಲವು ಆ್ಯಪ್‌ಗಳಲ್ಲಿ ಇರುತ್ತದೆ. ಇರುವುದು ಸೆಟ್ಟಿಂಗ್ಸಿನ ಪಾತಾಳದಲ್ಲಿ.

ಹೊತ್ತಿನ ಬಗ್ಗೆ ಬೇಗ ಹೇಳಿ ಮುಗಿಸಬೇಕು. 1994ರಲ್ಲಿ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಎಂಬ ಸಂಶೋಧಕರು 37 ವಿದ್ಯಾರ್ಥಿಗಳನ್ನು ಪದವಿಯ ಪ್ರಬಂಧ ಯಾವಾಗ ಮುಗಿಯುತ್ತದೆ ಎಂದು ಕೇಳಿದರು. ಸರಾಸರಿ ಉತ್ತರ 33.9 ದಿನ. ಎಲ್ಲವೂ ಎಡವಟ್ಟಾದರೆ? 48.6. ನಿಜಕ್ಕೂ ಹಿಡಿದದ್ದು 55.5. ಅಂದರೆ ಎಡವಟ್ಟಿನ ಅಂದಾಜೂ ಎಡವಟ್ಟಾಯಿತು. ಅಂದಾಜಿಗಿಂತ ಒಂದೂವರೆ ಪಟ್ಟು ದಾಟಿದ ಈ ಲೆಕ್ಕವನ್ನೇ ಹಿಡಿದರೆ, ಒಂದೊಂದು ಗಂಟೆಯ ನಾಲ್ಕು ಕೆಲಸಕ್ಕೆ ಆರೂವರೆ ಗಂಟೆ ಬೇಕು. ಬೆಳಿಗ್ಗೆ ಹುರುಪಿನಲ್ಲಿ ಹದಿನಾಲ್ಕು ಸಾಲು ಬರೆದವರು ಸಂಜೆ ತಮ್ಮನ್ನೇ ಸೋಮಾರಿ ಎಂದು ಬೈದುಕೊಳ್ಳುತ್ತಾರೆ. ಬೈಯಬೇಕಾದ್ದು ಬೆಳಗಿನ ಮನುಷ್ಯನನ್ನು. ಪಟ್ಟಿಯನ್ನು ಹಿಂದಿನ ರಾತ್ರಿ, ದಣಿದಿರುವಾಗ ಮಾಡುವುದೇ ವಾಸಿ. ದಣಿದವನಿಗೆ ತನ್ನ ಶಕ್ತಿಯ ಬಗ್ಗೆ ಭ್ರಮೆ ಕಡಿಮೆ. ಎಲ್ಲ ಬಾಕಿಗಳಿಗೂ ಬೇರೆ ದೊಡ್ಡ ಪಟ್ಟಿ ಇರಲಿ, ಅದರಿಂದ ನಾಳೆಯ ಹಾಳೆಗೆ ಐದೋ ಆರೋ ಸಾಲು ಇಳಿದರೆ ಸಾಕು.

ಇನ್ನು ಮೂರನೆಯ ಕಾರಣ. ಅದಕ್ಕೆಂದು ಇಟ್ಟಿದ್ದ ಜಾಗವನ್ನೆಲ್ಲ ಗೆರೆ ಹೊಡೆಯುವ ಮಾತು ತಿಂದುಹಾಕಿದೆ. ಮೊದಲೆರಡನ್ನು ಒಂದೊಂದೇ ಗೆರೆಯಲ್ಲಿ ಹೊಡೆದು, ತಾರೀಖು ಹಾಕಿದ್ದಾಯಿತು. ಮೂರನೆಯ ಸಾಲಿನಲ್ಲಿ ‘ಮುಖ್ಯವಾದದ್ದು’ ಎಂದಷ್ಟೇ ಇದೆ, ಕ್ರಿಯಾಪದವಿಲ್ಲ. ಅದರ ಮುಂದೆ ಒಂದು ಬಾಣ. ಅದು ಎರಡನೆಯ ಬಾಣ.