ಹಾಡು ಕೇಳುವ ಮೊದಲೇ ಹಣೆಪಟ್ಟಿ

ಮೆಚ್ಚಿನ ಹಾಡೊಂದನ್ನು ರಾಕ್ ಸಂಗೀತದ ಹುಚ್ಚಿರುವ ಯಾರಿಗಾದರೂ ಕಳುಹಿಸಿ ನೋಡಿ. ಹಾಡು ಮುಗಿಯುವಷ್ಟು ಹೊತ್ತೂ ಕಳೆದಿರುವುದಿಲ್ಲ, ತೀರ್ಪು ಬಂದಿರುತ್ತದೆ: 'ಇದು ಮೆಟಲ್ ಅಲ್ಲ, ಹಾರ್ಡ್ ರಾಕ್.' ಹಾಡು ಹಿಡಿಸಿತೇ ಇಲ್ಲವೇ ಎಂಬ ಸುದ್ದಿಯೇ ಇಲ್ಲ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪಂಗಡವೂ ಇದೆ. ಯಾವ ಪ್ರಕಾರದ ಹೆಸರೆತ್ತಿದರೂ ಮೂಗು ಮುರಿದು, 'ಸಂಗೀತದಲ್ಲಿ ಇರುವುದು ಎರಡೇ ಜಾತಿ, ಒಳ್ಳೆಯದು ಮತ್ತು ಕೆಟ್ಟದ್ದು' ಎಂದು ಅಪ್ಪಣೆ ಕೊಡಿಸುವವರು. ಮೊದಲ ಪಂಗಡದವರೊಂದಿಗೆ ಜಗಳವಾಡಲಾದರೂ ಬರುತ್ತದೆ, ಎರಡನೆಯವರು ಮಾತನ್ನೇ ಮುಗಿಸಿಬಿಡುತ್ತಾರೆ. ಲೆಕ್ಕವಿಲ್ಲದಷ್ಟು ಆಲ್ಬಂಗಳ ನಡುವೆ 'ನನಗೆ ಇಂಥದ್ದು ಬೇಕು' ಎಂದು ಕೇಳಲು ಒಂದು ಹೆಸರು ಬೇಡವೇ?

ಖಂಡಿತ ಬೇಕು. ಆ ಹೆಸರು ಕಿವಿಗೆ ಬೀಳುವುದನ್ನು ಹೇಳುತ್ತಿದೆಯೇ ಎಂಬುದಷ್ಟೇ ನನ್ನ ತಕರಾರು. ರಾಕ್ ಸಂಗೀತದ ಬಹುಪಾಲು ಹೆಸರುಗಳು ಹೇಳುವುದು ಊರನ್ನು, ಇಸವಿಯನ್ನು, ಯಾವನೋ ಪತ್ರಕರ್ತನ ಕುಹಕವನ್ನು. ಕೆಲವಂತೂ ಹಾಡಿದವರ ಮೈಬಣ್ಣವನ್ನು ಹೇಳುತ್ತವೆ.

ಕೆಲಸಕ್ಕೆ ಬರುವ ಹೆಸರಿನಿಂದಲೇ ಆರಂಭಿಸುತ್ತೇನೆ: ಡೂಮ್ ಮೆಟಲ್. ನಿಧಾನ ಗತಿ, ತಂತಿ ಸಡಿಲಿಸಿ ತಗ್ಗಿನ ಶ್ರುತಿಗೆ ಇಳಿಸಿದ ಗಿಟಾರ್, ಭಾರವಾದ ರಿಫ್ (ಮತ್ತೆ ಮತ್ತೆ ಮರಳುವ ಗಿಟಾರಿನ ಪುಟ್ಟ ಧಾಟಿ). ಇಷ್ಟು ಗೊತ್ತಾದರೆ ಹೊಸಬನೂ ದಾರಿ ತಪ್ಪುವುದಿಲ್ಲ. ಇದರ ಬೇರು ಹುಡುಕಿದರೆ ಸಿಗುವುದು ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬಾತ್ ತಂಡ, 1970ರ ಫೆಬ್ರವರಿಯಲ್ಲಿ ಬಂದ ಅವರ ಮೊದಲ ಆಲ್ಬಂ, ಅದರ ಮೊದಲ ಹಾಡು. ಮಳೆಯ ಸದ್ದು, ದೂರದಲ್ಲೊಂದು ಗಂಟೆ, ಗುಡುಗು. ಆಮೇಲೆ ಗಿಟಾರಿನಲ್ಲಿ ಮೂರೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಕೆಳಗಿಳಿದು ಪ್ರತಿಮಧ್ಯಮ. ಪ್ರತಿಮಧ್ಯಮ ನಮಗೇನು ಹೊಸದಲ್ಲ, ಕಲ್ಯಾಣಿ ಕೇಳಿದ ಕಿವಿಗೆ ಅದರಲ್ಲಿ ಭಯದ ಲವಲೇಶವೂ ಕಾಣುವುದಿಲ್ಲ. ಆದರೆ ಇಲ್ಲಿ ಗಾಂಧಾರವಿಲ್ಲ, ಪಂಚಮವಿಲ್ಲ, ಆ ಸ್ವರ ಹೋಗಿ ನಿಲ್ಲಲು ಆಸರೆಯೇ ಇಲ್ಲ. ತಂಡದ ಗಿಟಾರ್ ವಾದಕ ಟೋನಿ ಐಯೋಮಿ ಅದನ್ನು ನಡುಗಿಸುತ್ತಾ ಅಂತರದಲ್ಲೇ ತೂಗುಬಿಡುತ್ತಾನೆ. ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಐಯೋಮಿಯ ಕೈಯ ಕಥೆಯನ್ನೂ ಹೇಳದೆ ಮುಂದೆ ಹೋಗಲಾರೆ. ಹದಿನೇಳರ ಹರೆಯದಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಆತ ಎಡಗೈಯಿಂದ ಮೀಟುವವನು, ಹಾಗಾಗಿ ತಂತಿ ಒತ್ತುವ ಬೆರಳುಗಳೇ ಹೋದಂತಾಯಿತು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿಕೊಂಡ, ಮುಂದೆ 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಂ ಹೊತ್ತಿಗೆ ತಂತಿಗಳನ್ನೇ ಸಡಿಲಿಸಿ ಶ್ರುತಿ ಇಳಿಸಿದ. ಒಂದು ಇಡೀ ಪ್ರಕಾರದ ದನಿಯಲ್ಲಿ ಆ ಗಾಯದ ಪಾಲಿದೆ. 'ಡೂಮ್' ಎಂದಾಗ ಇದೆಲ್ಲ ಕಿವಿಯಲ್ಲಿ ಮೊಳಗುತ್ತದೆ, ಅದಕ್ಕೇ ಆ ಹೆಸರಿಗೆ ನನ್ನ ಸಮ್ಮತಿಯಿದೆ. (ತಾಳ್ಮೆಯಿದ್ದವರು ಇಲ್ಲಿಂದ ನೇರವಾಗಿ ಸ್ಲೀಪ್ ತಂಡದ 'ಡೋಪ್‌ಸ್ಮೋಕರ್'ಗೆ ಹೋಗಬಹುದು. ಒಂದೇ ಹಾಡು, ಒಂದು ಗಂಟೆಗೂ ಮಿಕ್ಕಿದ್ದು. ಮನೆಯವರ ಅನುಮತಿ ಪಡೆದು ಹಾಕಿ.)

ಈಗ ಕೈಕೊಡುವ ಹೆಸರುಗಳಿಗೆ ಬರೋಣ. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ಸಿಬಿಜಿಬಿ ಎಂಬ ಇಕ್ಕಟ್ಟಾದ ಕ್ಲಬ್ಬಿನಲ್ಲಿ ನುಡಿಸುತ್ತಿದ್ದವರಿಗೆಲ್ಲ 'ಪಂಕ್' ಎಂಬ ಹೆಸರು ಬಿತ್ತು. ಅದೇ ವೇದಿಕೆಯ ರಾಮೋನ್ಸ್ ತಂಡದ 1976ರ ಮೊದಲ ಆಲ್ಬಂನಲ್ಲಿ ಹದಿನಾಲ್ಕು ಹಾಡುಗಳಿದ್ದು, ಎಲ್ಲವೂ ಸೇರಿ ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಅದೇ ವೇದಿಕೆಯ ಟೆಲಿವಿಷನ್ ತಂಡದ 1977ರ 'ಮಾರ್ಕ್ವೀ ಮೂನ್' ಹಾಡೊಂದೇ ಹತ್ತು ನಿಮಿಷದ ಆಸುಪಾಸು. ಎರಡು ಗಿಟಾರ್‌ಗಳು ಒಂದರ ಮಾತಿಗೊಂದು ಉತ್ತರ ಕೊಡುತ್ತಾ, ಮೆಟ್ಟಿಲು ಹತ್ತುತ್ತಾ ಹೋಗುತ್ತವೆ. ನನ್ನ ಆಯುಷ್ಯದ ಅತ್ಯಂತ ಪ್ರೀತಿಯ ಗಿಟಾರ್ ವಾದನ ಅದು. ಇವೆರಡಕ್ಕೂ ಒಂದೇ ಹೆಸರಿಟ್ಟವರು ಕ್ಲಬ್ಬಿನ ಬಾಗಿಲು ನೋಡಿ ಹೆಸರಿಟ್ಟರೇ ಹೊರತು ಒಳಗೆ ಹೋಗಿ ಕೇಳಿ ಅಲ್ಲ.

ಅಮೆರಿಕದ ಸಿಯಾಟಲ್ ನಗರದ ರಾಕ್ ತಂಡಗಳ ಗತಿಯೂ ಅದೇ ಆಯಿತು. ನಿರ್ವಾಣ ತಂಡದಲ್ಲಿ ಪಂಕ್‌ನ ಒರಟುತನ ಮತ್ತು ಪಾಪ್ ಧಾಟಿ, ಪರ್ಲ್ ಜ್ಯಾಮ್‌ನಲ್ಲಿ ಎಪ್ಪತ್ತರ ದಶಕದ ಕ್ರೀಡಾಂಗಣ ತುಂಬುವ ರಾಕ್, ಆ್ಯಲಿಸ್ ಇನ್ ಚೈನ್ಸ್‌ನಲ್ಲಿ ಅಪ್ಪಟ ಮೆಟಲ್ ರಿಫ್, ಸೌಂಡ್‌ಗಾರ್ಡನ್‌ನಲ್ಲಿ ಎಣಿಸಲು ಹೋದರೆ ಕೈತಪ್ಪುವ ತಾಳಗಳು. ನಾಲ್ಕನ್ನೂ 'ಗ್ರಂಜ್' ಎಂದು ಒಂದೇ ಮೂಟೆಯಲ್ಲಿ ಕಟ್ಟಿದ್ದು ಊರು ಒಂದೇ ಎಂಬ ಕಾರಣಕ್ಕೆ. ಈ ಹಣೆಪಟ್ಟಿಯ ಹಸಿವು ಎಷ್ಟಿತ್ತೆಂದರೆ 1992ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ 'ಗ್ರಂಜ್ ಮಂದಿಯ ನುಡಿಗಟ್ಟು' ಎಂದು ಪದಗಳ ಪಟ್ಟಿಯನ್ನೇ ಪ್ರಕಟಿಸಿತು. ಆ ಪದಗಳೆಲ್ಲ ಸಬ್ ಪಾಪ್ ರೆಕಾರ್ಡ್ ಕಂಪನಿಯಲ್ಲಿ ಹಿಂದೆ ಕೆಲಸ ಮಾಡಿದ್ದ ಮೇಗನ್ ಜಾಸ್ಪರ್ ಎಂಬಾಕೆ ಫೋನಿನಲ್ಲಿ ನಿಂತ ನಿಲುವಿನಲ್ಲೇ ಹೊಸೆದ ಬುರುಡೆ. ಇಂಥ ನುಡಿಗಟ್ಟು ಇದ್ದೇ ಇರಬೇಕು ಎಂದು ಪತ್ರಿಕೆ ನಂಬಿತ್ತು, ಆಕೆ ಬೇಡವೆನ್ನಲಿಲ್ಲ. ಈ ಪ್ರಸಂಗ ನೆನೆದಾಗಲೆಲ್ಲ ನನಗೆ ಆಕೆಯ ಮೇಲೆ ಅಭಿಮಾನ ಉಕ್ಕುತ್ತದೆ.

ಇಷ್ಟರ ತನಕ ನಗಬಹುದು. ಇನ್ನೊಂದು ಬಗೆಯ ಹಣೆಪಟ್ಟಿಯಿದೆ, ಅದರಲ್ಲಿ ನಗುವಂಥದ್ದೇನೂ ಇಲ್ಲ. ಅಮೆರಿಕದಲ್ಲಿ ಕಪ್ಪು ಜನರ ಸಂಗೀತವನ್ನು 'ರೇಸ್ ರೆಕಾರ್ಡ್ಸ್' ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಇಡುತ್ತಿದ್ದರು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಅದರ ಹೆಸರನ್ನು 'ರಿದಮ್ ಆ್ಯಂಡ್ ಬ್ಲೂಸ್' ಎಂದು ಬದಲಿಸಿತು. ಹೆಸರಿಗೆ ಮರ್ಯಾದೆ ಬಂತು, ಗೋಡೆ ಮಾತ್ರ ಇದ್ದಲ್ಲೇ ಇತ್ತು. 'ಹೌಂಡ್ ಡಾಗ್' ಹಾಡು 1953ರಲ್ಲಿ ಕಪ್ಪು ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ ದನಿಯಲ್ಲಿ ಬಂದಾಗ ರಿದಮ್ ಆ್ಯಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1956ರಲ್ಲಿ ಬಿಳಿಯ ಗಾಯಕ ಎಲ್ವಿಸ್ ಪ್ರೀಸ್ಲಿ ಹಾಡಿದಾಗ ಅದು ರಾಕ್ ಆ್ಯಂಡ್ ರೋಲ್ ಎನಿಸಿಕೊಂಡಿತು. ಎರಡನ್ನೂ ಒಂದರ ಹಿಂದೊಂದು ಕೇಳಿ. ಎಲ್ವಿಸ್‌ನದು ವೇಗವಾಗಿದೆ, ಸಾಹಿತ್ಯವೂ ಬೇರೆಯಾಗಿದೆ, ಒಪ್ಪೋಣ. ಆದರೆ ಒರಟುತನ, ಗಂಟಲಿನ ಗುಟುರು, ಗಿಟಾರಿನ ಕೊಂಕು ಯಾವುದರಲ್ಲಿ ಹೆಚ್ಚು ಎಂದು ನೀವೇ ಹೇಳಿ.

ಸಿಸ್ಟರ್ ರೊಸೆಟಾ ಥಾರ್ಪ್ ಅವರದು ಇನ್ನೂ ಹಿಂದಿನ ಕಥೆ. ಚರ್ಚಿನ ಭಕ್ತಿಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡಿದವರು. 1944ರಲ್ಲಿ ಧ್ವನಿಮುದ್ರಿಸಿದ ಅವರ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಕೇಳಿದರೆ ರಾಕ್ ಆ್ಯಂಡ್ ರೋಲ್ ಅಲ್ಲೇ ಕುಣಿಯುತ್ತಿರುವುದು ಗೊತ್ತಾಗುತ್ತದೆ. ಆದರೆ ಹಣೆಪಟ್ಟಿ 'ಗಾಸ್ಪೆಲ್'. ಥಾರ್ಪ್ ತೀರಿಕೊಂಡದ್ದು 1973ರಲ್ಲಿ, ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಒಳಗೆ ಕರೆದದ್ದು 2018ರಲ್ಲಿ. ಅದೂ 'ಆರಂಭಿಕ ಪ್ರಭಾವ' ಎಂಬ ಬೇರೊಂದು ಸಾಲಿನಲ್ಲಿ! ಮೂವತ್ತು ವರ್ಷ ಗಿಟಾರ್ ನುಡಿಸಿದವರು ಕೊನೆಗೂ ಯಾರ ಮೇಲೋ ಬಿದ್ದ ಪ್ರಭಾವವಾಗಿಯೇ ಉಳಿದರು.

ಗೋಡೆ ಬಿದ್ದು ಎಷ್ಟೋ ಕಾಲವಾಯಿತು ಎನ್ನುವವರಿಗೆ ಒಂದು ಮಾತು. 1985ರಲ್ಲಿ ನ್ಯೂಯಾರ್ಕಿನಲ್ಲಿ ಗಿಟಾರ್ ವಾದಕ ವರ್ನನ್ ರೀಡ್ ಮತ್ತು ಗೆಳೆಯರು 'ಬ್ಲ್ಯಾಕ್ ರಾಕ್ ಕೊಯಲಿಷನ್' ಎಂಬ ಒಕ್ಕೂಟ ಕಟ್ಟಬೇಕಾಯಿತು. ರಾಕ್ ಗಿಟಾರಿನ ದಿಗ್ಗಜ, ಸ್ವತಃ ಕಪ್ಪು ಜನಾಂಗದವನಾದ ಜಿಮಿ ಹೆಂಡ್ರಿಕ್ಸ್ ಸತ್ತು ಹದಿನೈದು ವರ್ಷವಾದ ಮೇಲೂ ಕಪ್ಪು ಹುಡುಗರು ಜೋರಾಗಿ ಗಿಟಾರ್ ನುಡಿಸಿದರೆ ಅದನ್ನು ಯಾವ ಕಪಾಟಿನಲ್ಲಿಡುವುದು ಎಂದು ಕಂಪನಿಗಳು ತಲೆ ಕೆರೆದುಕೊಳ್ಳುತ್ತಿದ್ದವು. ರೀಡ್ ಅವರ ಲಿವಿಂಗ್ ಕಲರ್ ತಂಡದ 'ವಿವಿಡ್' ಆಲ್ಬಂ 1988ರಲ್ಲಿ ಬಂತು. ಇನ್ನೂ ಕೇಳಿಲ್ಲವಾದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ಅದನ್ನು ಹಾಕಿಕೊಳ್ಳಿ.

ಅದೇ ಕಾಲದ ಗ್ರ್ಯಾಮಿ ಪ್ರಹಸನ ಬಹಳ ಜನರಿಗೆ ಗೊತ್ತಿರಬಹುದು. ಹಾರ್ಡ್ ರಾಕ್ ಮತ್ತು ಮೆಟಲ್ ಎರಡನ್ನೂ ಒಂದೇ ವಿಭಾಗಕ್ಕೆ ತುರುಕಿ 1989ರಲ್ಲಿ ಮೊದಲ ಬಾರಿಗೆ ಪ್ರಶಸ್ತಿ ಇಟ್ಟರು. ಕಣದಲ್ಲಿ ಮೆಟಾಲಿಕಾ, ಎಸಿ/ಡಿಸಿ, ಇಗ್ಗಿ ಪಾಪ್, ಜೇನ್ಸ್ ಅಡಿಕ್ಷನ್ ಮತ್ತು ಜೆಥ್ರೋ ಟಲ್. ಮೆಟಾಲಿಕಾ ಅದೇ ಸಮಾರಂಭದಲ್ಲಿ ನುಡಿಸಿಯೂ ಆಗಿತ್ತು. ಲಕೋಟೆ ತೆರೆದರೆ ಜೆಥ್ರೋ ಟಲ್! ಲೋಹದ ಕೊಳಲೂದುವ ಇಯನ್ ಆ್ಯಂಡರ್ಸನ್ ತಂಡ. ಗೆಲ್ಲುವುದಿಲ್ಲವೆಂದು ಅವರು ಸಮಾರಂಭಕ್ಕೇ ಹೋಗಿರಲಿಲ್ಲ. ಆಮೇಲೆ ಅವರ ಕಂಪನಿ 'ಕೊಳಲು ಕೂಡ ಮೆಟಲ್ ವಾದ್ಯವೇ' ಎಂಬ ಅರ್ಥದ ಜಾಹೀರಾತು ಕೊಟ್ಟು ಗಾಯಕ್ಕೆ ಉಪ್ಪು ಸವರಿತು. ಮರುವರ್ಷ ವಿಭಾಗವನ್ನು ಎರಡಾಗಿ ಒಡೆದರು. ಮೆಟಲ್‌ನಲ್ಲಿ ಮೆಟಾಲಿಕಾ ಗೆದ್ದಿತು, ಹಾರ್ಡ್ ರಾಕ್‌ನಲ್ಲಿ ಗೆದ್ದದ್ದು ಲಿವಿಂಗ್ ಕಲರ್. ಎಲ್ಲರೂ ಜೆಥ್ರೋ ಟಲ್ ಅನ್ನು ಗೇಲಿ ಮಾಡುತ್ತಾರೆ. ನನಗೆ ಅವರ ತಪ್ಪು ಕಾಣುವುದಿಲ್ಲ. ಕೇಳದೆಯೇ ಮತ ಹಾಕುವವರ ಕೈಗೆ ಹಣೆಪಟ್ಟಿ ಕೊಟ್ಟರೆ ಪರಿಚಿತ ಹೆಸರಿಗೆ ಮುದ್ರೆ ಬೀಳುತ್ತದೆ, ಅಷ್ಟೇ.

ಹೆಸರಿಟ್ಟವರೇ ಹೆಸರಿನಿಂದ ಹೊರಗುಳಿದ ಉದಾಹರಣೆಯೂ ಉಂಟು. ಇಂಗ್ಲೆಂಡಿನ ವೆನಮ್ ತಂಡ 1982ರಲ್ಲಿ 'ಬ್ಲ್ಯಾಕ್ ಮೆಟಲ್' ಎಂಬ ಆಲ್ಬಂ ತಂದಿತು. ಹತ್ತು ವರ್ಷದ ಬಳಿಕ ನಾರ್ವೆಯ ಹುಡುಗರು ಆ ಹೆಸರನ್ನು ಎತ್ತಿಕೊಂಡು, ಬಿರುಗಾಳಿಯಂಥ ಡ್ರಮ್ಸ್, ಕೀರಲು ದನಿ, ಬೇಕೆಂದೇ ತೆಳ್ಳಗೆ ಮಾಡಿದ ಧ್ವನಿಮುದ್ರಣ ಎಲ್ಲ ಸೇರಿಸಿ ಬೇರೆಯದೇ ಸಂಗೀತ ಕಟ್ಟಿದರು. ಇಂದು ವೆನಮ್ ಆಲ್ಬಂ ಹಾಕಿದರೆ 'ಇದು ಬ್ಲ್ಯಾಕ್ ಮೆಟಲ್ಲೇ ಅಲ್ಲ' ಎನ್ನುವ ಪಂಡಿತರು ಸಿಗುತ್ತಾರೆ. ಸಂಗೀತದ ಮಟ್ಟಿಗೆ ಅವರ ಮಾತು ಸರಿ ಎಂಬುದೇ ತಮಾಷೆ.

ಟಾಕ್ ಟಾಕ್ ತಂಡದ ವಿಷಯದಲ್ಲಿ ಹೆಸರು ಬರುವ ಹೊತ್ತಿಗೆ ತಂಡವೇ ಇರಲಿಲ್ಲ. ಎಂಬತ್ತರ ದಶಕದಲ್ಲಿ ಕೀಬೋರ್ಡ್ ಪಾಪ್ ಹಾಡಿ ಹೆಸರು ಮಾಡಿದ್ದ ಇವರು 1988ರಲ್ಲಿ 'ಸ್ಪಿರಿಟ್ ಆಫ್ ಈಡನ್' ತಂದರು. ಕತ್ತಲು ಮಾಡಿಕೊಂಡ ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಹಲವು ವಾದಕರಿಂದ ಮನೋಧರ್ಮದಂತೆ ನುಡಿಸಿಕೊಂಡು, ಅದರಲ್ಲಿ ಬಹುಪಾಲನ್ನು ಎಸೆದು, ಉಳಿದ ಚೂರುಗಳಿಂದ ಹೆಣೆದದ್ದು. ಕಹಳೆಯ ಮೆಲುದನಿಯಿಂದ ಆರಂಭ, ಬಹಳ ಹೊತ್ತು ಏನೂ ಆಗುವುದಿಲ್ಲವೇನೋ ಅನ್ನಿಸುತ್ತದೆ. ಆಮೇಲೆ ಆಂಪ್ಲಿಫೈಯರ್ ಹರಿದು ಬಂದಂತೆ ಮೌತ್ ಆರ್ಗನ್ ಚೀರುತ್ತದೆ. ರಾಕ್ ತಂಡದ ಸಲಕರಣೆಗಳನ್ನು ರಾಕ್ ಅಲ್ಲದ ಕೆಲಸಕ್ಕೆ ಬಳಸುವ ಇಂಥ ಸಂಗೀತಕ್ಕೆ ವಿಮರ್ಶಕ ಸೈಮನ್ ರೆನಾಲ್ಡ್ಸ್ 1994ರಲ್ಲಿ 'ಪೋಸ್ಟ್-ರಾಕ್' ಎಂಬ ಹೆಸರು ಚಾಲ್ತಿಗೆ ತಂದರು. ಒಳ್ಳೆಯ ಹೆಸರೇ, ಆಗ ಅದರಲ್ಲಿ ಒಂದು ವಿಚಾರವಿತ್ತು. ಈಗ ಅದರಡಿ ಸಿಗುವುದು ಮೆಲ್ಲಗೆ ಶುರುವಾಗಿ ಎಂಟನೇ ನಿಮಿಷಕ್ಕೆ ಸ್ಫೋಟಿಸುವ ಗಿಟಾರ್ ಹಾಡುಗಳ ಸಾಲು. ಎಲ್ಲಿ ಸ್ಫೋಟವಾಗುತ್ತದೆ ಎಂದು ಮೊದಲೇ ಹೇಳಬಹುದಾದ ಸಂಗೀತ.

ಮುಖ್ಯವಾಹಿನಿಗೆ ಹೊರತಾದದ್ದು ಎಂಬರ್ಥದ 'ಆಲ್ಟರ್ನೇಟಿವ್' ಬಗ್ಗೆ ಹೆಚ್ಚು ಹೇಳುವುದಿಲ್ಲ. 1992ರ ಜನವರಿಯಲ್ಲಿ ನಿರ್ವಾಣದ ಆಲ್ಬಂ ಮೈಕೆಲ್ ಜಾಕ್ಸನ್‌ನನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೇರಿದ ದಿನವೇ ಆ ಹೆಸರಿನ ಆಯಸ್ಸು ಮುಗಿಯಿತು. 'ಕ್ಲಾಸಿಕ್ ರಾಕ್' ಎಂಬುದು ರೇಡಿಯೋದವರ ವ್ಯವಹಾರ, ಸಂಗೀತಕ್ಕೂ ಅದಕ್ಕೂ ಸಂಬಂಧವಿಲ್ಲ.

ನನಗೆ ಎಲ್ಲರಿಗಿಂತ ಇಷ್ಟವಾದ ನಿಲುವು ಮೋಟರ್‌ಹೆಡ್ ತಂಡದ ಲೆಮ್ಮಿಯದು. ಮೆಟಲ್ ಮಂದಿ ತಮ್ಮವನೆಂದರು, ಪಂಕ್ ಮಂದಿ ತಮ್ಮವನೆಂದರು. ಆತ ಮಾತ್ರ ವೇದಿಕೆಗೆ ಬಂದು 'ನಾವು ಮೋಟರ್‌ಹೆಡ್, ನಾವು ನುಡಿಸುವುದು ರಾಕ್ ಆ್ಯಂಡ್ ರೋಲ್' ಎಂದೇ ಹೇಳುತ್ತಿದ್ದ. ಇದು ಬರೀ ಹಟವಲ್ಲ. ಅವನ ಬಾಸ್ ಗಿಟಾರ್ ಕೇಳಿ: ಒಂದೊಂದೇ ತಂತಿ ಮೀಟುವ ಬದಲು ರಿದಮ್ ಗಿಟಾರಿನಂತೆ ಹಲವು ತಂತಿಗಳನ್ನು ಒಟ್ಟಿಗೆ ಬಾರಿಸುತ್ತಾನೆ. ಆ ಗದ್ದಲವನ್ನು ಸ್ವಲ್ಪ ಸರಿಸಿದರೆ ಅಡಿಯಲ್ಲಿ ಐವತ್ತರ ದಶಕದ ರಾಕ್ ಆ್ಯಂಡ್ ರೋಲ್ ಗಾಯಕ ಲಿಟ್ಲ್ ರಿಚರ್ಡ್ ಕಾಲದ ಓಟವೇ ಇದೆ.

ನನ್ನ ಮೆಚ್ಚಿನವುಗಳಲ್ಲಿ ಇಂದು ಕೊನೆಯದಾಗಿ ಜರ್ಮನಿಯ ಕ್ಯಾನ್ ತಂಡದ 1971ರ 'ಟಾಗೋ ಮಾಗೋ'. ಬ್ರಿಟಿಷ್ ಪತ್ರಿಕೆಗಳು ಜರ್ಮನ್ನರನ್ನು ಹೀಗಳೆಯುವ ಪದವನ್ನೇ ಮುಂದಿಟ್ಟು 'ಕ್ರೌಟ್‌ರಾಕ್' ಎಂದು ಕರೆದ ಸಂಗೀತ ಇದು. ಹಾಡುವವನು ಜಪಾನಿನ ದಾಮೋ ಸುಝುಕಿ! ಅದರ 'ಹಲೆಲುವಾ' ಹದಿನೆಂಟು ನಿಮಿಷದ್ದು, ಯಾಕಿ ಲೀಬೆಝೈಟ್‌ನ ಡ್ರಮ್ಸ್ ಒಂದೇ ಆವರ್ತವನ್ನು ಬಿಡದೆ ಹಿಡಿದಿರುತ್ತದೆ. ಪೂರ್ತಿ ಕೇಳಿ. ಆಮೇಲೆ ನಿಮ್ಮ ಮೆಚ್ಚಿನದೊಂದನ್ನು ಕೆಳಗೆ ಬರೆಯಿರಿ, ಆದರೆ ಪ್ರಕಾರದ ಹೆಸರು ಬೇಡ. ಮೊದಲ ಒಂದು ನಿಮಿಷದಲ್ಲಿ ಏನು ಕೇಳಿಸುತ್ತದೆ ಎಂಬುದನ್ನು ಬರೆಯಿರಿ ಸಾಕು, ಕೇಳಬೇಕೋ ಬೇಡವೋ ಎಂದು ನಾನು ನಿರ್ಧರಿಸಿಕೊಳ್ಳುತ್ತೇನೆ.